ಮುಂದಿನ ಹಲ್ಲಿನ ಮೂಲೆ

“ಇನ್ನೂ ದೊಡ್ಡದಾಗಿ ತಗೀರಿ,” ಎಂದಳು ಸುಜಾತಾ. “ಇಷ್ಟ ತಗದ್ರ ನನಗ ನಾಲಿಗಿ ಬಿಟ್ಟು ಬ್ಯಾರೆ ಏನೂ ಕಾಣೂದಿಲ್ಲ.”

ಕುರ್ಚಿಯಲ್ಲಿ ಒರಗಿದ್ದವನು ನಕ್ಕ. ಮೀಸೆಯೊಳಗೇ ಹುಟ್ಟಿ ಅಲ್ಲೇ ಆರಿಹೋಗುವ, ಹಲ್ಲು ಕಾಣಿಸದ ನಗು. “ಒಂಬತ್ತ ವರ್ಷದ ಹಿಂದೂ ಹಿಂಗ ಬೈದಿದ್ರಿ ಡಾಕ್ಟ್ರ. ನೀವೇನೂ ಬದಲಾಗಿಲ್ಲ ಬಿಡ್ರಿ.”

“ಒಂಬತ್ತ ವರ್ಷದ ಹಿಂದ ನಾ ಯಾರಿಗೂ ಬೈತಿರಲಿಲ್ಲ. ಕ್ಲಿನಿಕ್ ಹೊಸಾದು. ಪೇಶಂಟ್ ಎದ್ದು ಓಡಿ ಹೋಗ್ತಾರಂತ ಹೆದರಿಕಿ ಇತ್ತು. ತಗೀರಿ ಬಾಯಿ.”

ಬಾಗಿಲಿಗೆ ಒರಗಿ ನಿಂತಿದ್ದ ಪಿಎಸ್‌ಐ ರುದ್ರೇಶ ಕೆಮ್ಮಿ ನಗು ಮುಚ್ಚಿಕೊಂಡ.

ಸವಣೂರಿನ ಆ ಸಣ್ಣ ಕ್ಲಿನಿಕ್ಕಿನಲ್ಲಿ ಅಂದು ಬೇರೆ ಪೇಶಂಟುಗಳಿರಲಿಲ್ಲ. ಸಹಾಯಕಿ ಮುನವ್ವರಾ ಹೊರಗಿನ ಬೋರ್ಡನ್ನು ತಿರುಗಿಸಿಟ್ಟಿದ್ದಳು. ಗೋಡೆಯಾಚೆ ಇನಾಯತನ ವೀಳ್ಯದೆಲೆ ಮಂಡಿಯಲ್ಲಿ ಹರಾಜು ಕೂಗುವ ದನಿ. ಈಚೆ ಉಪಕರಣಗಳು ತಟ್ಟೆಗೆ ತಾಗುವ ಸಪ್ಪಳ.

ಹಿರೇಕೆರೂರಿನ ಬಸವೇಶ ಹತ್ತಿ ಬೀಜ ಬೆಳೆಯುವ ಪ್ಲಾಟು ಮಾಡಿಸುತ್ತಿದ್ದವನು. ಹಾನಗಲ್ಲ ತಾಲ್ಲೂಕಿನ ಆಡೂರಿನ ಹೊಲದಿಂದ ಒಂಬತ್ತು ವರ್ಷದ ಹಿಂದೆ ಕಾಣೆಯಾದ. ಅವನ ಜೊತೆಗೇ ಪ್ಲಾಟಿನಲ್ಲಿ ದುಡಿಯುತ್ತಿದ್ದ ಒಬ್ಬ ಮೂಕ ಆಳೂ ಕಾಣೆಯಾದ. ಹೋದ ತಿಂಗಳು ಗಡ್ಡ ಮೀಸೆ ಬಿಟ್ಟ ಒಬ್ಬಾತ ಹಿರೇಕೆರೂರಿನ ಮನೆಯ ಕಟ್ಟೆಯ ಮೇಲೆ ಕುಳಿತು ‘ಯವ್ವಾ, ನಾ ಬಸವೇಶ’ ಎಂದ. ತಾಯಿ ಹಾಲವ್ವ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

‘ಇಂವ ನನ್ನ ಗಂಡ ಅಲ್ಲ’ ಎಂದವಳು ಒಬ್ಬಳೇ, ಅದೂ ಸುದ್ದಿ ಕೇಳಿದಲ್ಲೇ, ಅವನ ಮುಖ ನೋಡುವ ಮೊದಲೇ. ಅಂಕಿತಾ.

ಮದುವೆಯಾಗಿ ನಾಲ್ಕಾರು ತಿಂಗಳಲ್ಲೇ ಗಂಡ ಕಾಣೆಯಾದ ಮೇಲೆ ಅವಳು ಶಿಗ್ಗಾಂವಿಯ ತವರಿಗೆ ಬಂದು ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ನಾಲ್ಕಾರು ತಿಂಗಳು ಕಂಡವಳ ಮಾತು ದೊಡ್ಡದೋ, ಹೆತ್ತವಳ ಮಾತು ದೊಡ್ಡದೋ? ರಕ್ತ ಪರೀಕ್ಷೆ ಎಂದರೆ ಹಾಲವ್ವ ಸೆರಗು ಕೊಡವಿ ಏಳುತ್ತಿದ್ದಳು. ಎರಡೂ ಮನೆಯ ಹಿರಿಯರು ಕೂಡಿ ಕೊನೆಗೆ ಒಪ್ಪಿದ್ದು ಒಂದೇ ಗುರುತಿಗೆ. ಕಾಣೆಯಾಗುವ ಮುನ್ನ ಬಸವೇಶ ಸವಣೂರಿನಲ್ಲಿ ಒಂದು ಹಲ್ಲು ತುಂಬಿಸಿಕೊಂಡಿದ್ದ. ಬಂದವನ ಬಾಯಲ್ಲೂ ತುಂಬಿದ ಹಲ್ಲಿತ್ತು. ಕೆಳದವಡೆ, ಬಲಗಡೆ. ಅದೇ ಹಲ್ಲು.

“ಡಾಕ್ಟರ್ ಬಾಯಾರು ಹೌದು ಅಂದ್ರ ಇವತ್ತ ಸಂಜಿಗೆ ನಾ ಹಿರೇಕೆರೂರಿಗೆ ಹೋಗ್ತೇನಿ,” ಎಂದು ಅಂಕಿತಾ ಎಲ್ಲರೆದುರು ಮಾತು ಕೊಟ್ಟಿದ್ದಳು. ಹೇಳಿದಂತೆಯೇ ಬಟ್ಟೆಯ ಚೀಲ ತಂದು ಕಾಲಬಳಿ ಇಟ್ಟುಕೊಂಡು, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಳು. ಕುರ್ಚಿಯ ಕಡೆ ಒಮ್ಮೆಯೂ ನೋಡಿರಲಿಲ್ಲ.

ಹಾಲವ್ವ ಕುರ್ಚಿಯ ಪಕ್ಕದಲ್ಲೇ ಸ್ಟೂಲ್ ಹಾಕಿಸಿಕೊಂಡಿದ್ದಳು. ಕಣ್ಣಲ್ಲಿ ಪೊರೆ ಬಂದಿತ್ತು. ಮಗನ ಮಣಿಕಟ್ಟನ್ನು ಹಿಡಿದ ಕೈ, ಬೆಳಗ್ಗೆ ಬಸ್ಸಿಳಿದು ಬಂದಾಗಿನಿಂದ ಸಡಿಲವಾಗಿರಲಿಲ್ಲ.

ಸುಜಾತಾ ಪುಟ್ಟ ಕನ್ನಡಿಯನ್ನು ಒಳಗಿಟ್ಟಳು. ದೀಪ ಸರಿಮಾಡಿದಳು. ಎಡಗೈಯಲ್ಲಿ ಸೂಜಿಮೊನೆಯ ಸಲಾಕೆ ಹಿಡಿದು ಆ ದವಡೆ ಹಲ್ಲಿನ ಮೇಲೆ ಮೆಲ್ಲಗೆ ಎಳೆದಳು. ಹಲ್ಲಿನಿಂದ ಸಿಮೆಂಟಿಗೆ, ಸಿಮೆಂಟಿನಿಂದ ಹಲ್ಲಿಗೆ. ಮತ್ತೊಮ್ಮೆ. ಮೊನೆ ಎಲ್ಲಿಯೂ ತಡೆಯಲಿಲ್ಲ.

ಇಷ್ಟು ಸಾಕಿತ್ತು ಅವಳಿಗೆ. ಆದರೆ ಅವಸರ ಮಾಡಲಿಲ್ಲ.

“ಇದು ನಾನ ತುಂಬಿದ್ದ ಹೌದಲ್ಲ?”

“ಮತ್ಯಾರ್ರಿ? ನೀವ. ಇದ ಕುರ್ಚಿ. ಆಗ ಇದರ ರೆಕ್ಸಿನ್ ಹರಿದಿರಲಿಲ್ಲ, ಅಷ್ಟ ಫರಕು.”

“ಅದರ ಮ್ಯಾಲೆ ಯಾರೂ ಕೈ ಆಡಿಸಿಲ್ಲ?”

“ಯಾರೂ ಇಲ್ಲ. ಕಲ್ಲಿನ ಹಂಗ ಐತಿ. ನಿಮ್ಮ ಕೈಗುಣ!”

“ರುದ್ರೇಶ ಅವ್ರ, ಕೇಳಿಸಿಕೊಂಡ್ರಿ?”

“ಕಿವಿ ಇನ್ನೂ ಗೌರ್ಮೆಂಟ್ ಸರ್ವಿಸ್‌ದಾಗ ಅದಾವ ಮೇಡಂ,” ಎಂದ ರುದ್ರೇಶ.

ಸುಜಾತಾ ಸಲಾಕೆಯನ್ನು ತಟ್ಟೆಯಲ್ಲಿಟ್ಟು ಅವನತ್ತ ತಿರುಗಿದಳು. “ಹಲ್ಲಿಗೆ ಈ ಬಿಳಿ ಸಿಮೆಂಟ್ ತಾನಾಗೇ ನಿಲ್ಲೂದಿಲ್ರಿ. ಕೆಳಗ ಒಂದು ಅಂಟು ಹಚ್ಚಿರ್ತೇವಿ. ಹಲ್ಲಿನ ಹೊರಗಿನ ಬಿಳಿ ಪದರದ ಮ್ಯಾಲೆ ಆ ಅಂಟು ಭಾಳ ವರ್ಷ ಗಟ್ಟಿ ಹಿಡೀತದ. ಒಳಗಿನ ಪದರ ಹಂಗಲ್ಲ. ಅಲ್ಲಿ ಯಾವಾಗ್ಲೂ ಹಸಿ. ಬಸವೇಶನ ಗುಂಡಿ ಒಸಡಿನ ತನಕಾ ಇಳಿದಿತ್ತು. ಅಲ್ಲಿ ಬಿಳಿ ಪದರ ಇರಲಿಲ್ಲ. ಅಂಟು ಒಳಗಿನ ಪದರಕ್ಕ ಹಿಡೀಬೇಕಿತ್ತು.”

“ಅಂದ್ರ?”

“ಅಂದ್ರ ವರ್ಷಗಟ್ಟಲೆ ಜೊಲ್ಲು, ಚಹಾ, ತಂಬಾಕು, ಸುಣ್ಣ, ದಿನಾ ರೊಟ್ಟಿ ಅಗಿಯೂದು. ಇಷ್ಟೂ ಸೇರಿ ಅಂಚಿನ್ಯಾಗ ಅಂಟನ್ನ ಸಣ್ಣಗ ತಿಂತಾವ. ಕೂದಲಿನಷ್ಟು ಸಂದು ಬಿಡ್ತದ. ಆ ಸಂದಿನ್ಯಾಗ ಕಂದು ಗೆರಿ ಕೂಡ್ತದ. ಎಷ್ಟ ತಿಕ್ಕಿದ್ರೂ ಹೋಗೂದಿಲ್ಲ. ಒಂಬತ್ತ ವರ್ಷದ್ದಾದ್ರ ಆ ಗೆರಿ ಇರಾಕಬೇಕು.” ಅವಳು ಕುರ್ಚಿಯತ್ತ ನೋಡಿದಳು. “ಇಲ್ಲಿ ಇಲ್ಲ. ನನ್ನ ಕೈಗುಣ ಅಷ್ಟ ಚಲೋ ಇಲ್ರಿ. ಯಾರದೂ ಇಲ್ಲ. ಈ ಅಂಟಿಗೆ ಒಂದು ವರ್ಷಾನೂ ತುಂಬಿಲ್ಲ.”

ಎಲೆ ಮಂಡಿಯ ಕೂಗು ಆಗಲೇ ನಿಂತಿತ್ತು. ಹಾಗಾಗಿ ಆ ಮಾತು ಕೋಣೆಯಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು.

ಅವನು ಹಣೆ ತಟ್ಟಿಕೊಂಡ. “ಅಯ್ಯ, ನನ್ನ ತಲಿ! ಹುಬ್ಬಳ್ಳಿಯಾಗ ಒಮ್ಮಿ ಬಿದ್ದು ಹೋಗಿತ್ರಿ ಅದು. ಅಲ್ಲೇ ಹೊಸಾದು ಹಾಕಿಸಿದ್ದೆ. ಮರತ ಬಿಟ್ಟಿದ್ದೆ ನೋಡ್ರಿ.”

“ಈಗಷ್ಟ ಯಾರೂ ಕೈ ಆಡಿಸಿಲ್ಲಂದ್ರಿ.”

“ಬಾಯಾಗ ಕಬ್ಬಿಣ ಇಟ್ಟು ಪ್ರಶ್ನಿ ಕೇಳಿದ್ರ ಯಾರಿಗೆ ನೆನಪು ಬರ್ತೈತ್ರಿ?”

ರುದ್ರೇಶ ಸುಜಾತಾಳತ್ತ ನೋಡಿದ. ಹೌದಲ್ಲ, ಹಾಗೂ ಆಗಬಹುದಲ್ಲ ಎಂಬ ಮುಖ. ಸುಜಾತಾ ಈ ಮಾತಿಗಾಗಿಯೇ ಕಾಯುತ್ತಿದ್ದಳು.

“ಮುನವ್ವರಾ, ಆ ಎರಡು ಫಿಲ್ಮ್ ಹಾಕು.”

ಗೋಡೆಯ ಬೆಳಕಿನ ಪೆಟ್ಟಿಗೆಯ ಮೇಲೆ ಮುನವ್ವರಾ ಎರಡು ಎಕ್ಸ್‌ರೇ ಸಿಕ್ಕಿಸಿದಳು. ಒಂದು ಹಳೆಯದು, ಹೋದ ವಾರ ಅಟ್ಟದ ಡಬ್ಬಿಯಲ್ಲಿ ಸಿಕ್ಕದ್ದು. ಇನ್ನೊಂದು ಅಂದು ಬೆಳಗ್ಗೆ ತೆಗೆದದ್ದು. ಎರಡರಲ್ಲೂ ದವಡೆ ಹಲ್ಲು, ಹಲ್ಲಿನ ನಡುವೆ ಬೆಳ್ಳಗಿನ ಕಲೆ. ಹಳೆಯದರಲ್ಲಿ ಆ ಕಲೆ ಹಲ್ಲಿನ ಅರ್ಧ ಮೈಯನ್ನು ನುಂಗಿ ಒಸಡಿನವರೆಗೆ ಇಳಿದಿತ್ತು. ಹೊಸದರಲ್ಲಿ ಜೋಳದ ಕಾಳಿನಷ್ಟು.

“ತುಂಬಿದ್ದು ಬಿದ್ದರ ಮತ್ತ ತುಂಬತಾರ, ಒಪ್ಪಿದೆ,” ಎಂದಳು. “ಹಂಗ ತುಂಬುವಾಗ ಹುಳುಕು ಕೆರೀಬೇಕು, ಹಳೇ ಅಂಟು ಕೆರೀಬೇಕು. ಗುಂಡಿ ಇದ್ದದ್ದಕ್ಕಿಂತ ಒಂಚೂರು ದೊಡ್ಡದ ಆಗ್ತದ. ಹಲ್ಲು ಮೈಮ್ಯಾಲಿನ ಗಾಯ ಅಲ್ರಿ, ಮತ್ತ ಬೆಳದು ಕೂಡಾಕ. ಇಷ್ಟ ದೊಡ್ಡ ಗುಂಡಿ ಇಷ್ಟ ಸಣ್ಣದು ಹೆಂಗಾತು?”

ರುದ್ರೇಶ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿ ನೋಡಿದ. “ಇದು ನನಗೂ ತಿಳೀತು ಬಿಡ್ರಿ.”

“ಅದು ನನ್ನ ಫಿಲ್ಮ್ ಅಂತ ಯಾರಂದ್ರು?” ಕುರ್ಚಿಯವನ ದನಿಯಲ್ಲಿ ನಗು ಇನ್ನೂ ಇತ್ತು, ಆದರೆ ಅಂಚು ಒರಟಾಗಿತ್ತು. “ಒಂಬತ್ತ ವರ್ಷ ಅಟ್ಟದ ಮ್ಯಾಲೆ ಬಿದ್ದದ್ದು. ಇಲಿ ಯಾವುದನ್ನ ಯಾವ ಡಬ್ಬಿಗೆ ಎಳದು ಹಾಕಿತ್ತೋ! ಸಾಹೇಬ್ರ, ಇಲಿ ಸಾಕ್ಷಿ ಮ್ಯಾಲೆ ನನ್ನ ತಾಯಿಂದ ನನ್ನ ಬಿಡಸ್ತೀರೇನು?”

ಜಾಣ ಎಂದುಕೊಂಡಳು ಸುಜಾತಾ. ಫಿಲ್ಮಿನ ಮೇಲಿನ ಹೆಸರು ಅಳಿಸಿಹೋಗಿದ್ದನ್ನು ಅವನು ಮಲಗಿದಲ್ಲಿಂದಲೇ ನೋಡಿದ್ದ. ಇವನ ಬಾಯಿ ಮುಚ್ಚಿಸುವುದಕ್ಕೆ, ಬದಲಾಯಿಸಲು ಬಾರದ ಒಂದು ಸಾಕ್ಷಿ ಬೇಕು. ಅದು ಇವನ ಬಾಯೊಳಗೇ ಇರಬೇಕು.

ಹಾಲವ್ವ ಸ್ಟೂಲಿನಲ್ಲಿ ಮುಂದಕ್ಕೆ ಸರಿದಳು. ಮಣಿಕಟ್ಟು ಹಿಡಿದ ಬೆರಳುಗಳು ಬಿಗಿಯಾದವು.

“ಮುನವ್ವರಾ, ಪಕ್ಕಕ್ಕ ಹೋಗಿ ಇನಾಯತಣ್ಣನ ಕಡೆ ಆ ನೀಲಿ ಬೆಳಕಿನ ಬ್ಯಾಟರಿ ತಗೊಂಡ ಬಾ. ಪರದೆ ಎಳಿ.”

ಮುನವ್ವರಾ ತಂದುಕೊಟ್ಟ ಬೆರಳುದ್ದದ ಬ್ಯಾಟರಿಯನ್ನು ನೋಡಿ ರುದ್ರೇಶನಿಗೆ ಸೋಜಿಗವಾಯಿತು. “ಇದು ಖೋಟಾ ನೋಟು ನೋಡೂ ಬ್ಯಾಟರಿ ಅಲ್ರಿ?”

“ಹೌದ್ರಿ. ಖೋಟಾ ಹಲ್ಲಿಗೂ ಆಗ್ತದ.”

ಕಿಟಕಿಯ ಪರದೆ ಎಳೆದಾಗ ಕೋಣೆ ಮಬ್ಬಾಯಿತು. ಸುಜಾತಾ ಹೇಳಿದಳು: “ನಮ್ಮ ಹಲ್ಲು ಈ ಬೆಳಕಿನ್ಯಾಗ ನೀಲಿ ಬಿಳುಪಾಗಿ ಹೊಳೀತಾವ. ಈಗಿನ ಸಿಮೆಂಟೂ ಹೊಳೀತದ, ಹಲ್ಲಿಗಿಂತ ಜೋರಾಗಿ. ಆದ್ರ ಆ ವರ್ಷ ನನ್ನ ಕಡೆ ಇದ್ದದ್ದು ಒಂದ ಕಂಪನಿ ಮಾಲು, ಒಂದ ಬಣ್ಣ. ಅದಕ್ಕ ಈ ಗುಣ ಇರಲಿಲ್ಲ. ಈ ಬೆಳಕು ಬಿದ್ದರ ಕರ್ರಗ ನಿಲ್ತದ. ಆಗ ನಾ ತುಂಬಿದ್ದು ಯಾರ ಬಾಯಾಗ ಇದ್ದರೂ ನನಗ ಗೊತ್ತಾಗ್ತದ. ಇಲಿ ಬಾಯಾಗ ಇದ್ದರೂ.”

ಈ ಸಲ ರುದ್ರೇಶ ನಗು ಮುಚ್ಚಿಕೊಳ್ಳಲಿಲ್ಲ.

ಅವಳು ಬ್ಯಾಟರಿ ಒತ್ತಿದಳು. ಕೆಳದವಡೆಯ ಸಾಲು ಮೆಲ್ಲಗೆ ಹೊಳೆಯಿತು. ಆ ಹೊಳಪಿನ ನಡುವೆ ದವಡೆ ಹಲ್ಲಿನ ತುಂಬಿದ ಭಾಗ ಪುಟ್ಟ ಟ್ಯೂಬ್‌ಲೈಟಿನಂತೆ ಬೆಳಗಿತು.

“ನನ್ನದಲ್ಲ,” ಎಂದಳು. ಅಷ್ಟೇ.

ಬೆಂಚಿನ ಕಡೆಯಿಂದ ಒಂದು ಉಸಿರು ಕೇಳಿಸಿತು. ಅಂಕಿತಾ ಮುಖವನ್ನು ಎರಡೂ ಅಂಗೈಯಲ್ಲಿ ಹುದುಗಿಸಿದ್ದಳು. ಕಾಲಬಳಿಯ ಚೀಲ ವಾಲಿ ನೆಲಕ್ಕೆ ಬಿತ್ತು. ಯಾರೂ ಎತ್ತಿಡಲಿಲ್ಲ.

ಕೆಲಸ ಮುಗಿದಿತ್ತು. ಸುಜಾತಾ ಬ್ಯಾಟರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ, ಕನ್ನಡಿಯ ಕಾಂಡ ಅವನ ಮೇಲ್ದುಟಿಯನ್ನು ತುಸು ಎತ್ತಿತು. ಬೆಳಕು ಒಂದು ಕ್ಷಣ ಮೇಲಿನ ಸಾಲಿನ ಮೇಲೆ ಬಿತ್ತು.

ಅವಳ ಕೈ ನಿಂತಿತು.

ಮೇಲಿನ ಮುಂದಿನ ಹಲ್ಲುಗಳೆರಡೂ ಹೊಳೆಯುತ್ತಿದ್ದವು. ಎಡಗಡೆಯದರ ಒಂದು ಮೂಲೆ ಮಾತ್ರ ಇರಲೇ ಇಲ್ಲ. ಯಾರೋ ಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿದಂತೆ ಅಲ್ಲಿ ಕರ್ರಗಿನ ಖಾಲಿ. ಅವಳು ಬ್ಯಾಟರಿ ಆರಿಸಿ ಮಾಮೂಲಿ ದೀಪ ಹಾಕಿದಳು. ಮೂಲೆ ಮರಳಿ ಬಂತು. ಹಲ್ಲಿಗಿಂತ ತುಸು ಹಳದಿ. ಜೋಡಣೆಯ ಉದ್ದಕ್ಕೂ ಕೂದಲೆಳೆಯಷ್ಟು ಕಂದು ಗೆರೆ. ಅಂಚಿನಲ್ಲಿ ಸಣ್ಣದೊಂದು ಕೊರಕಲು, ದಾರ ಹಾಯ್ದು ಹಾಯ್ದು ಆದದ್ದು. ಆದರೂ ಅಂಟು ಬಿಟ್ಟಿರಲಿಲ್ಲ. ಬಿಳಿ ಪದರದ ಮೇಲೆ ಹಿಡಿದ ಅಂಟು.

ಅವಳದೇ ಅಂಟು.

ಒಂಬತ್ತು ವರ್ಷದ ಹಿಂದಿನ ಆ ಮುಂಜಾನೆ, ಎಷ್ಟು ಸಲ ನೆನೆದರೂ ಅರ್ಧವೇ ಬರುತ್ತಿದ್ದದ್ದು, ಈಗ ಇಡಿಯಾಗಿ ಬಂತು. ಬಾಗಿಲಲ್ಲಿ ಬಸವೇಶ, ದವಡೆ ಹಿಡಿದುಕೊಂಡು. ಅವನ ಹಿಂದೆ ಇನ್ನೊಬ್ಬ, ತುಟಿಯ ಮೇಲೆ ರಕ್ತ. ದಾರಿಯಲ್ಲಿ ಬೈಕು ಜಾರಿತ್ತು. ‘ನಂದು ಆದ ಮ್ಯಾಲೆ ಇವಗೂ ಒಂದೀಟು ಹಚ್ಚಿ ಕೊಡ್ರಿ ಡಾಕ್ಟ್ರ. ಇಂವ ಮಾತಾಡಂಗಿಲ್ರಿ, ಹುಟ್ಟಾ ಮೂಕ. ನೋವಾದ್ರ ಬೆರಳು ಮಾಡಿ ತೋರಸ್ತಾನ.’ ಹೊಂದುವ ಬಣ್ಣವಿರಲಿಲ್ಲ. ಇದ್ದದ್ದನ್ನೇ ಅಂಟಿಸಿ, ಚಲೋ ಬಣ್ಣ ಬಂದ ಮೇಲೆ ಬದಲಿಸಿ ಕೊಡುತ್ತೇನೆ, ಈ ಹಲ್ಲಿನಲ್ಲಿ ದಾರ ಕಚ್ಚಬೇಡ ಎಂದು ಹೇಳಿ ಕಳಿಸಿದ್ದಳು. ಹತ್ತಿಯ ಹೂವಿಗೆ ಬೇರೆ ಹೂವಿನ ಪರಾಗ ಮುಟ್ಟಿಸಿ ಕ್ರಾಸು ಮಾಡುವವರು ದಾರದ ಎಳೆಗಳನ್ನು ಮುಂದಿನ ಹಲ್ಲಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೊಟ್ಟಿಗೆ ಕಟ್ಟುತ್ತಾರೆ. ಎರಡು ಕೈಯೂ ಹೂವಿನ ಮೇಲಿರುತ್ತವಲ್ಲ. ಪ್ಲಾಟಿನ ಮಾಲಿಕ ಬಸವೇಶ ಒಂದು ದಿನವೂ ದಾರ ಕಟ್ಟಿದವನಲ್ಲ.

“ಈ ಮೂಲಿ ಯಾರು ಹಚ್ಚಿದ್ರು?” ಎಂದು ಕೇಳಿದಳು.

“ಯಾವ ಮೂಲಿ?”

ನಾಲಗೆ ತಾನಾಗೇ ಅಲ್ಲಿಗೆ ಹೋಯಿತು. ಅಲ್ಲಿ ತಾಗಿ ನಿಂತಿತು. ಅವನ ಕಣ್ಣಲ್ಲಿ ಮೊದಲ ಬಾರಿಗೆ ಸುಳ್ಳಿಲ್ಲದ ಒಂದು ಬೆರಗು ಕಂಡಿತು.

ಮರೆತಿದ್ದ. ಬಸವೇಶನ ದವಡೆ ಹಲ್ಲನ್ನು ನೆನಪಿಟ್ಟುಕೊಂಡು, ಎಲ್ಲಿಯೋ ಹೋಗಿ ಅದೇ ಜಾಗದಲ್ಲಿ ಗುಂಡಿ ತೋಡಿಸಿ ತುಂಬಿಸಿಕೊಂಡು ಬಂದವನು, ತನ್ನದೇ ಮುಂದಿನ ಹಲ್ಲನ್ನು ಮರೆತಿದ್ದ. ಚೆನ್ನಾಗಿ ಅಂಟಿಕೊಂಡದ್ದು ಹಾಗೆಯೇ. ವರ್ಷಗಳು ಕಳೆದಂತೆ ಅದು ಹೊರಗಿನದೆಂಬುದೇ ಹೊಳೆಯುವುದಿಲ್ಲ.

“ಯಾವ ಹಲ್ಲು ತುಂಬಸಬೇಕು ಅಂತ ನಿಮಗ ಹೆಂಗ ಗೊತ್ತಾತು ಅಂತ ಭಾಳ ವಿಚಾರ ಮಾಡಿದ್ದೆ,” ಎಂದಳು ಸುಜಾತಾ. ದನಿ ಏರಿಸಲಿಲ್ಲ. “ಬಸವೇಶಗ ತುಂಬುವಾಗ ಇದ ಕೋಣ್ಯಾಗ, ಈಗ ಸಾಹೇಬ್ರು ನಿಂತಾರಲ್ಲ, ಅಲ್ಲೇ ನಿಂತು ನೋಡಿದ್ರಿ. ಮ್ಯಾಲಿಂದ ನೋಡಿದ್ರಿ, ಅದಕ್ಕ ಆಳ ಗೊತ್ತಾಗಲಿಲ್ಲ. ಆಮ್ಯಾಲೆ ನೀವ ಈ ಕುರ್ಚಿಗೆ ಕುಂತ್ರಿ. ಅವತ್ತ ನೀವು ಒಂದು ಮಾತೂ ಆಡಲಿಲ್ಲ.”

ರುದ್ರೇಶ ಬಾಗಿಲಿನಿಂದ ಸರಿದು ಮುಂದೆ ಬಂದ. “ಮೇಡಂ, ಅಂದ್ರ ಇಂವ… ಒಂಬತ್ತ ವರ್ಷದಿಂದ ನಮ್ಮ ಮಂದಿ ಒಬ್ಬ ಮೂಕನ್ನ ಹುಡುಕಾಕತ್ತಾರ. ಊರೂರಿಗೆ ಹೋಗಿ ಮೂಕರನ್ನ ಹಿಡದು ಫೋಟೋ ತಗದೇವಿ!”

“ಮೂಕನ್ನ ಹುಡುಕಿದ್ರಿ. ಅದಕ್ಕ ಸಿಗಲಿಲ್ಲ.”

ಅವನು ಏಳಲು ನೋಡಿದ. ಏಳಲಾಗಲಿಲ್ಲ. ರುದ್ರೇಶ ಇನ್ನೂ ಎರಡು ಮಾರು ದೂರದಲ್ಲಿದ್ದ. ಅವನನ್ನು ಕುರ್ಚಿಗೆ ಕಟ್ಟಿಹಾಕಿದ್ದು ಮಣಿಕಟ್ಟಿನ ಮೇಲಿದ್ದ ಹಾಲವ್ವನ ಕೈ.

“ಕುಂಡ್ರು,” ಎಂದಳು ಹಾಲವ್ವ. “ಕುಂಡ್ರೋ ಚನ್ನೇಶಾ.”

ಹೆಸರು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅವನೇ.

“ಯವ್ವಾ…”

“ಯವ್ವಾ ಅನಬ್ಯಾಡ. ಸಾಕಾಗೇತಿ ನನಗ.” ಮುದುಕಿಯ ದನಿಯಲ್ಲಿ ಅಳು ಇರಲಿಲ್ಲ. “ನನ್ನ ಕಣ್ಣಾಗ ಪೊರಿ ಬಂದೈತಿ ಅಂತ ಧೈರ್ಯ ಮಾಡಿ ಬಂದಿ. ಆಡೂರಿನ ಹೊಲದಾಗ ಈ ಕೈಯಾಗ ದಿನಾ ರೊಟ್ಟಿ ಇಟ್ಟೇನಿ. ನನ್ನ ಮಗನ ಕೈ ಯಾವುದು, ಶಿಗ್ಗಾಂವಿ ಕಡಿ ತಡಸದಿಂದ ಬಂದ ಮೂಕ ಚನ್ನೇಶನ ಕೈ ಯಾವುದು, ನನಗ ತಿಳಿಯೂದಿಲ್ಲೇನು? ಕಟ್ಟಿ ಮ್ಯಾಲೆ ಕೈ ಹಿಡಿದಾಗನ ತಿಳೀತು.”

“ಹಾಲವ್ವಾರ,” ರುದ್ರೇಶ ಕೇಳಿದ, “ಮತ್ತ ಮಗ ಅಂತ ಯಾಕ ಒಪ್ಪಿದ್ರಿ? ನಮಗ ಒಂದು ಮಾತು ಹೇಳಬಾರದ?”

“ನಿಮಗ ಹೇಳಿದ್ರ ಏನ ಮಾಡತಿದ್ರಿ? ಕಳ್ಳ ಅಂದಿದ್ರ ಅವತ್ತ ಓಡಿ ಹೋಗ್ತಿದ್ದ. ನಿಮ್ಮ ಮಂದಿ ಮತ್ತ ಒಂಬತ್ತ ವರ್ಷ ಫೋಟೋ ತಗೀತಿದ್ರು. ಮಗಾ ಅಂದೆ. ಅದಕ್ಕ ನನ್ನ ಮನ್ಯಾಗ ಉಂಡು, ನನ್ನ ಕೈ ಅಳತ್ಯಾಗ ಮಲಗ್ಯಾನ. ಇವತ್ತಲ್ಲ ನಾಳೆ ನಿದ್ದಿಗಣ್ಣಾಗಾದ್ರೂ ಬಾಯಿ ಬಿಡ್ತಾನಂತ ಕಾದೆ.”

ಸುಜಾತಾ ಆ ಕೈಯನ್ನು ನೋಡಿದಳು. ಬೆಳಗ್ಗೆಯಿಂದ ಮಮತೆ ಎಂದುಕೊಂಡಿದ್ದ ಹಿಡಿತ. ಒಂದು ತಿಂಗಳ ಪಹರೆ ಅದು. ಹಲ್ಲನ್ನು ಇಷ್ಟು ಓದಿದವಳು ಪಕ್ಕದಲ್ಲೇ ಇದ್ದ ಐದು ಬೆರಳನ್ನು ಓದಿರಲಿಲ್ಲ.

ಹಾಲವ್ವ ಅವನತ್ತ ಬಾಗಿದಳು. ಪೊರೆ ಬಂದ ಕಣ್ಣುಗಳು ಅವನ ಮುಖವನ್ನು ಹುಡುಕಿ ನಿಂತವು.

“ಈಗ ಹೇಳು. ನನ್ನ ಬಸವೇಶ ಎಲ್ಲಿ?”

ಬೆಳಗ್ಗೆಯಿಂದ ಮಾತಿನ ಮೇಲೆ ಮಾತು ಹೆಣೆದವನ ತುಟಿಗಳು ಮುಚ್ಚಿದವು. ಮುಖದಿಂದ ಬಸವೇಶ ಇಳಿದುಹೋದ. ಅವನ ಜಾಗದಲ್ಲಿ, ಒಂಬತ್ತು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕಣ್ಣು ಮಿಟುಕಿಸದೆ ಕುಳಿತಿದ್ದ ಆ ಮೂಕ ಬಂದು ಕೂತ.

“ಬಾಯಿ ಬಿಡಲೇ,” ಎಂದ ರುದ್ರೇಶ.

ಅವನು ಬಾಯಿ ಬಿಡಲಿಲ್ಲ. ಹಾಲವ್ವ ಹಿಡಿಯದಿದ್ದ ಕೈಯನ್ನು ಮೆಲ್ಲಗೆ ಎತ್ತಿದ. ಅಂದು ನೋವಿನ ಜಾಗ ತೋರಿಸಿದಂತೆಯೇ, ಒಂದೇ ಬೆರಳು ಚಾಚಿದ.

ಕಿಟಕಿಯ ಪಕ್ಕದ ಬೆಂಚಿನ ಕಡೆಗೆ.

ಸುಜಾತಾ ತಿರುಗಿದಳು. ರುದ್ರೇಶನೂ ತಿರುಗಿದ. ಕಾಣದ ಹಾಲವ್ವ ಮಾತ್ರ “ಯಾರನ್ನ ತೋರಸಾಕತ್ತಾನ? ಯಾರನ್ರಿ? ಯಾರರೆ ಹೇಳ್ರೆಪ್ಪಾ,” ಎನ್ನುತ್ತಿದ್ದಳು.

ಮುಖ ನೋಡದೆಯೇ ‘ಇಂವ ನನ್ನ ಗಂಡ ಅಲ್ಲ’ ಎಂದು ಅಷ್ಟು ಖಚಿತವಾಗಿ ಹೇಳಲು ಒಬ್ಬ ಹೆಂಗಸಿಗೆ ಏನು ಗೊತ್ತಿರಬೇಕು? ಈ ಪ್ರಶ್ನೆಯನ್ನು ತಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ ಎಂಬುದು ಸುಜಾತಾಳಿಗೆ ಆಗ ಹೊಳೆಯಿತು.

ಅಂಕಿತಾ ಅಂಗೈಗಳನ್ನು ಮುಖದಿಂದ ತೆಗೆದಿದ್ದಳು. ಕಣ್ಣುಗಳು ಒದ್ದೆಯಾಗಿರಲಿಲ್ಲ. ಬಗ್ಗಿ, ಬಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, ಅಂದು ಮೊದಲ ಸಲ, ಕುರ್ಚಿಯಲ್ಲಿದ್ದವನ ಮುಖವನ್ನು ನೇರವಾಗಿ ನೋಡಿದಳು.

“ಮಾತಾಡೂದಿಲ್ಲ ಅಂತ ನನ್ನ ಮುಂದ ಆಣಿ ಮಾಡಿದ್ಯಲ್ಲೋ ಚನ್ನೇಶಾ,” ಎಂದಳು.